ಹೊಣೆ ಪಂಚಾಯಿತಿಗೆ, ಕೀಲಿಕೈ ದೆಹಲಿಗೆ

ತನ್ನ ವ್ಯಾಪ್ತಿಯ ಪ್ರತಿ ಮಗುವನ್ನೂ ಶಾಲೆಗೆ ಸೇರಿಸಿ, ಹಾಜರಿಯ ಮೇಲೆ ನಿಗಾ ಇಡುವ ಹೊಣೆಯನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 9ನೇ ಕಲಮು ಸ್ಥಳೀಯ ಸಂಸ್ಥೆಗೆ ವಹಿಸಿದೆ. ಆದರೆ ಕರ್ನಾಟಕದಲ್ಲಿ ಶಿಕ್ಷಕರ ನೇಮಕ, ವರ್ಗಾವಣೆಗಳು ಇಲಾಖೆಯ ಕೈಯಲ್ಲಿವೆ. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಗೆ ರಾಜ್ಯ ಶೇ 40ರಷ್ಟು ಹಣ ಕೊಟ್ಟರೂ ವಾರ್ಷಿಕ ಯೋಜನೆಗೆ ಒಪ್ಪಿಗೆ ದೊರೆಯಬೇಕಾದದ್ದು ದೆಹಲಿಯಲ್ಲಿ.

ಪೋಷಕರೇ ಬಹುಸಂಖ್ಯಾತರಾಗಿರುವ ಶಾಲಾ ಸಮಿತಿ ಸಿದ್ಧಪಡಿಸುವ ಅಭಿವೃದ್ಧಿ ಯೋಜನೆಯೇ ಅನುದಾನಕ್ಕೆ ಆಧಾರ ಎನ್ನುತ್ತದೆ 22ನೇ ಕಲಮು. ಜಿಲ್ಲಾ ಪಂಚಾಯಿತಿಯಲ್ಲಿ ಸೇವೆಯಲ್ಲಿದ್ದಾಗ ನಾನು ಕಂಡದ್ದು ತಲೆಕೆಳಗಾದ ಕ್ರಮ: ಮೊದಲು ಲೆಕ್ಕಶೀರ್ಷಿಕೆ ಬರುತ್ತಿತ್ತು, ಅದಕ್ಕೆ ಹೊಂದುವಂತೆ ಯೋಜನೆ ಬರೆಯಲಾಗುತ್ತಿತ್ತು. ಶೌಚಾಲಯ ಕೇಳಿದ ಶಾಲೆಯೊಂದಕ್ಕೆ ಆವರಣ ಗೋಡೆ ಮಂಜೂರಾಯಿತು. ಆ ಕಡತಕ್ಕೆ ಸಹಿ ಹಾಕಿದವನು ನಾನೇ.

ಅನುದಾನದ ಒಂದು ಪಾಲನ್ನಾದರೂ ಷರತ್ತಿಲ್ಲದೆ ಪಂಚಾಯಿತಿಗೆ ಬಿಡಬೇಕು; ಲೆಕ್ಕವನ್ನು ಗ್ರಾಮಸಭೆ ಕೇಳಲಿ. ಅಧಿಕಾರವಿಲ್ಲದವರನ್ನು ಉತ್ತರದಾಯಿಗಳನ್ನಾಗಿ ಮಾಡುವುದು ವಿಕೇಂದ್ರೀಕರಣವಲ್ಲ.