ರಾತ್ರಿ ಉರಿಯುವ ಕಣ್ಣು

ಹಗಲೆಲ್ಲ ಚೆನ್ನಾಗಿದ್ದ ಮಗ ನಡುರಾತ್ರಿ ಕಣ್ಣು ಮುಚ್ಚಿಕೊಂಡು ಎದ್ದು ಕೂರುತ್ತಾನೆ. ಎರಡೂ ಕಣ್ಣು ಕೆಂಪು, ಒಂದೇ ಸಮನೆ ನೀರು, ಮರಳು ಹಾಕಿದಂತೆ ಚುಚ್ಚುವ ನೋವು. ದೀಪ ಹಾಕಿದರೆ ರೆಪ್ಪೆ ತೆರೆಯಲಾಗುವುದಿಲ್ಲ. ಆಗ ತಾಯಿ ಕೇಳಬೇಕಾದ ಮೊದಲ ಪ್ರಶ್ನೆ: “ಇವತ್ತು ವೆಲ್ಡಿಂಗ್ ಬೆಳಕು ನೋಡಿದೆಯಾ?”

ಬಿನ್ನಿಪೇಟೆಯ ಸುತ್ತಮುತ್ತ ಗೇಟು, ಗ್ರಿಲ್ ಮಾಡುವ ಅಂಗಡಿಗಳಲ್ಲಿ ದುಡಿಯುವವರು ನಮ್ಮದೇ ಮನೆಗಳ ಮಕ್ಕಳು. ವೆಲ್ಡಿಂಗ್ ಬೆಳಕಿನಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣವಿದೆ. ಬಿಸಿಲು ಚರ್ಮವನ್ನು ಸುಡುವಂತೆ ಅದು ಕಣ್ಣಿನ ಪಾರದರ್ಶಕ ಪದರವಾದ ಕಾರ್ನಿಯಾದ ಮೇಲ್ಮೈಯನ್ನು ಸುಡುತ್ತದೆ. ನೋವು ಸಾಮಾನ್ಯವಾಗಿ 6ರಿಂದ 12 ಗಂಟೆಗಳ ನಂತರವೇ ಬರುತ್ತದೆ. ಆದ್ದರಿಂದಲೇ ಕಾರಣ ಹೊಳೆಯುವುದಿಲ್ಲ. ಕೆಲಸ ಮಾಡಿದವರಿಗಷ್ಟೇ ಅಲ್ಲ, ಪಕ್ಕದಲ್ಲಿ ನಿಂತು ನೋಡಿದ ಮಗುವಿಗೂ ಹೀಗಾಗಬಹುದು.

ಸಹೋದರಿಯರೇ, ಗಾಬರಿ ಬೇಡ. ಕೋಣೆ ಕತ್ತಲು ಮಾಡಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆಸಿ. ಕಣ್ಣು ಉಜ್ಜಲು ಬಿಡಬೇಡಿ. ಶುಭ್ರ ಬಟ್ಟೆಯನ್ನು ತಣ್ಣೀರಲ್ಲಿ ಅದ್ದಿ, ಹಿಂಡಿ, ಮುಚ್ಚಿದ ರೆಪ್ಪೆಯ ಮೇಲಿಡಿ. ನೋವಿಗೆ ವಯಸ್ಸಿಗೆ ತಕ್ಕ ಪ್ರಮಾಣದ ಪ್ಯಾರಾಸಿಟಮಾಲ್ ಕೊಡಬಹುದು. ಬೆಳಗಾದ ಮೇಲೆ ಕಣ್ಣಿನ ವೈದ್ಯರಿಗೆ ತೋರಿಸಿ. ಚಾಮರಾಜಪೇಟೆಯ ಸರಕಾರಿ ಮಿಂಟೋ ಕಣ್ಣಾಸ್ಪತ್ರೆ ನಮಗೆ ದೂರವಲ್ಲ. ಹೆಚ್ಚಿನವರಿಗೆ ಒಂದೆರಡು ದಿನಗಳಲ್ಲಿ ಪದರ ತಾನೇ ಬೆಳೆದು ವಾಸಿಯಾಗುತ್ತದೆ.

ನೋವು ನೋಡಲಾರದೆ ನಾವು ಮಾಡುವ ಉಪಚಾರವೇ ಕೆಲವೊಮ್ಮೆ ಅಪಾಯ ತರುತ್ತದೆ. ಎದೆಹಾಲು, ಹರಳೆಣ್ಣೆ, ರೋಸ್ ವಾಟರ್ ಹಾಕಬೇಡಿ. ಗಾಯವಾದ ಕಣ್ಣಿಗೆ ಸೋಂಕು ತಗಲಬಹುದು. ವಾಸಿಯಾಗುವ ತನಕ ಸುರುಮಾ ಕೂಡ ಬೇಡ. ಮರಗಟ್ಟಿಸುವ ಹನಿಯನ್ನು ಮನೆಯಲ್ಲಿ ಎಂದೂ ಬಳಸಬೇಡಿ. ನೋವು ಕೂಡಲೇ ಮಾಯವಾಗುತ್ತದೆ, ಆದರೆ ಗಾಯ ಮಾಯುವುದು ತಡವಾಗಿ ಹುಣ್ಣಾಗಬಹುದು. ಸ್ಟೀರಾಯ್ಡ್ ಹನಿಯನ್ನೂ ವೈದ್ಯರು ಹೇಳದೆ ಹಾಕಬಾರದು.

ಒಂದೇ ಕಣ್ಣು ನೋಯುತ್ತಿದ್ದರೆ ಲೋಹದ ಚೂರು ಹೊಕ್ಕಿರಬಹುದು. ದೃಷ್ಟಿ ಮಂಜಾದರೆ, ಕೀವು ಬಂದರೆ, ಎರಡು ದಿನದಲ್ಲಿ ನೋವು ತಗ್ಗದಿದ್ದರೆ ಆಗಲೂ ತಡಮಾಡದೆ ಆಸ್ಪತ್ರೆಗೆ ಹೋಗಿ.

ಕೂಲಿಂಗ್ ಗ್ಲಾಸ್ ಹಾಕಿಕೊಂಡರೆ, ಮುಖ ತಿರುಗಿಸಿಕೊಂಡರೆ ಸಾಕೆಂದು ಹುಡುಗರು ತಿಳಿದಿದ್ದಾರೆ. ಸಾಲದು. ವೆಲ್ಡಿಂಗ್‌ಗೆಂದೇ ಇರುವ ಗಾಜಿನ ಶೀಲ್ಡ್ ಬೇಕು, ಒಂದು ಚುಕ್ಕೆ ಬೆಸೆಯುವಾಗಲೂ ಬೇಕು. ಮಗನನ್ನು ಕೆಲಸ ಕಲಿಯಲು ಬಿಡುವಾಗ ದಿನಗೂಲಿ ಎಷ್ಟೆಂದು ಕೇಳುತ್ತೇವೆ. ಶೀಲ್ಡ್ ಕೊಡುತ್ತೀರಾ ಎಂದೂ ಅಲ್ಲೇ ಕೇಳೋಣ.