ಒಂದು ಕೆಜಿ ಬೋಲ್ಟಿಗೆ ಎಷ್ಟು ನಟ್ಟು?

ಮೊನ್ನೆ ಭಾನುವಾರ ಚಿಕ್ಕಪ್ಪನ ಮಗಳು ಊರಿಂದ ಫೋನ್ ಮಾಡಿದ್ಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಈಗ ಫಸ್ಟ್ ಪಿಯುಸಿ ಸೈನ್ಸ್. "ಅಣ್ಣಾ, ಈ ಮೋಲ್ ಲೆಕ್ಕ ನನ್ ತಲೆಗೆ ಹತ್ತಲ್ಲ. ಕಾಮರ್ಸ್‌ಗೆ ಹೋಗ್ತೀನಿ" ಅಂದ್ಳು.

ಲೆಕ್ಕ ಇದು: 4 ಗ್ರಾಂ ಹೈಡ್ರೋಜನ್ ಪೂರ್ತಿ ಉರಿದು ನೀರಾಗೋಕೆ ಎಷ್ಟು ಆಕ್ಸಿಜನ್ ಬೇಕು? ಸಮೀಕರಣದಲ್ಲಿ ಎರಡು ಹೈಡ್ರೋಜನ್‌ಗೆ ಒಂದು ಆಕ್ಸಿಜನ್ ಅಂತಿದೆಯಲ್ಲ, ಅದಕ್ಕೆ 2 ಗ್ರಾಂ ಅಂತ ಬರೆದಿದ್ಳು. ತಪ್ಪು.

ನಿಜ ಹೇಳ್ಬೇಕಂದ್ರೆ ನಾನೂ ಇದನ್ನ ಅರ್ಥ ಮಾಡ್ಕೊಂಡು ಪಾಸಾದವನಲ್ಲ. 'ಎನ್ ಈಕ್ವಲ್ಸ್ ಎಂ ಬೈ ಎಂ', ಮೇಲಿನ ಎಂ ಚಿಕ್ಕದು, ಕೆಳಗಿನದು ದೊಡ್ಡದು... ಇಷ್ಟು ಬಾಯಿಪಾಠ ಮಾಡಿ, ಇಂಜಿನಿಯರಿಂಗೂ ಮುಗಿಸಿ, ಈಗ ಕೋಡ್ ಬರೀತಾ ಕೂತಿದೀನಿ. ಅದನ್ನೇ ಹೇಳಿಕೊಡೋಕೆ ಹೋದ್ರೆ ಆ ಕಡೆ ಮೌನ.

ಆಮೇಲೆ ಹೀಗೆ ಕೇಳಿದೆ. "ಒಂದು ಬೋಲ್ಟು 8 ಗ್ರಾಂ, ಒಂದು ನಟ್ಟು 4 ಗ್ರಾಂ. ಅಂಗಡೀಲಿ ತೂಕದ ಮೇಲೆ ಕೊಡ್ತಾರೆ. ಬೋಲ್ಟಿಗೊಂದು ನಟ್ಟು. 1 ಕೆಜಿ ಬೋಲ್ಟಿಗೆ ಎಷ್ಟು ನಟ್ಟು ತರ್ತೀಯ?"

"ಅರ್ಧ ಕೆಜಿ."

"ಒಂದಕ್ಕೊಂದು ಅಂದ್ಮೇಲೆ ಒಂದು ಕೆಜಿ ಯಾಕಲ್ಲ?"

"ಅದು ಎಣಿಕೆ ಅಣ್ಣಾ, ತೂಕ ಅಲ್ಲ!"

ಇಷ್ಟೇ ನೋಡಿ ವಿಷಯ. ಸಮೀಕರಣದಲ್ಲಿರೋ ಅಂಕಿಗಳು ಎಣಿಕೆ, ಗ್ರಾಂ ಅಲ್ಲ. ಹೈಡ್ರೋಜನ್ ಮೋಲ್‌ಗೆ 2 ಗ್ರಾಂ, ಅಂದ್ರೆ 4 ಗ್ರಾಂನಲ್ಲಿ 2 ಮೋಲ್. ಅದಕ್ಕೆ 1 ಮೋಲ್ ಆಕ್ಸಿಜನ್, ಅಂದ್ರೆ 32 ಗ್ರಾಂ. ಅಣುಗಳನ್ನ ಒಂದೊಂದಾಗಿ ಎಣಿಸೋಕಾಗಲ್ಲ, ಅದಕ್ಕೆ ತೂಗಿ ಎಣಿಸ್ತೀವಿ. ಡಜನ್ ಅಂದ್ರೆ 12 ಇದ್ದಂಗೆ ಮೋಲ್ ಅಂದ್ರೆ 6.02214076 × 10ರ 23ನೇ ಘಾತ. ಮೊದಲು ಇದನ್ನ 12 ಗ್ರಾಂ ಕಾರ್ಬನ್-12 ಇಟ್ಕೊಂಡು ಹೇಳ್ತಿದ್ರು. 2019ರ ಮೇ 20ರಿಂದ ಈ ಸಂಖ್ಯೆಯೇ ವ್ಯಾಖ್ಯಾನ.

ಸೂತ್ರ ಮೊದಲು, ಅರ್ಥ ಆಮೇಲೆ (ಬಂದ್ರೆ ಬಂತು!) ಅನ್ನೋ ಪಾಠದ ರೀತಿಯೇ ತಪ್ಪು ಅಂತ ನನ್ನ ಅನಿಸಿಕೆ. ನನ್ನಂಥ ಬಾಯಿಪಾಠದವರು ಹೇಗೋ ದಾಟಿಬಿಡ್ತೀವಿ. 'ಯಾಕೆ' ಅಂತ ಕೇಳೋ ಹುಡುಗಿ ತಾನೇ ದಡ್ಡಿ ಅಂದ್ಕೊಂಡು ಹೊರಗೆ ಹೋಗ್ತಾಳೆ. ಕಾಮರ್ಸ್ ಏನೂ ಕೀಳಲ್ಲ, ಇಷ್ಟಪಟ್ಟು ಹೋಗ್ಲಿ. ಸೋತೆ ಅಂತ ಹೋಗೋದು ಬೇಡ. ತಕ್ಕಡಿ, ಎಣಿಕೆ, ಜೋಡಿ - ಈ ಪದಗಳೆಲ್ಲ ಅವಳ ಹತ್ರ ಮೊದಲೇ ಇದ್ವು. ಯಾರೂ ಕೇಳಿರಲಿಲ್ಲ ಅಷ್ಟೇ.

ಅವಳಿನ್ನೂ ಏನೂ ನಿರ್ಧಾರ ಮಾಡಿಲ್ಲ. ಮುಂದಿನ ಭಾನುವಾರ ಸುಣ್ಣದಕಲ್ಲಿನ ಲೆಕ್ಕ ಇಟ್ಕೊಂಡು ಫೋನ್ ಮಾಡ್ತಾಳಂತೆ.

ಅಂದಹಾಗೆ, ನಿಮಗೆ ಮೋಲ್ ಅರ್ಥ ಆಗಿತ್ತಾ? ಅಥವಾ ನೀವೂ ನನ್ ಥರಾನೇನಾ?