ಸರ್ವಸ್ವಾಮ್ಯದ ಕಾಡೂ ಬೇಟೆಯ ತಾಣವೂ

ಅಮೆರಿಕ ಸಂಯುಕ್ತ ಸಂಸ್ಥಾನದ ಪಶ್ಚಿಮ ಪ್ರಾಂತ್ಯಗಳ ಬೇಟೆಗಾರರಲ್ಲಿ ಈಗ ಕೆಲವು ವರ್ಷಗಳಿಂದ ಒಂದು ವಿವಾದ ನಡೆದುಬರುತ್ತಿದೆ. ಹೊರಗಿನವರಿಗೆ ಅಲ್ಪವೆಂದು ತೋರಬಹುದಾದರೂ, ಒಳಹೊಕ್ಕು ನೋಡಿದವರಿಗೆ ಸಮುದಾಯದ ಸ್ವತ್ತನ್ನು ಅನುಭವಿಸುವ ಧರ್ಮ ಯಾವುದೆಂಬ ಹಳೆಯ ಪ್ರಶ್ನೆಯನ್ನೇ ಎದುರಿಗೆ ತಂದು ನಿಲ್ಲಿಸುವಂಥ ವಿವಾದ ಅದು. ಸರ್ಕಾರದ, ಎಂದರೆ ಸಮಸ್ತ ಪ್ರಜೆಗಳ ಅರಣ್ಯದಲ್ಲಿ ಒಬ್ಬನು ವರ್ಷಗಟ್ಟಲೆ ಅಲೆದು ಮೃಗಗಳು ನೆರೆಯುವ ತಾಣವೊಂದನ್ನು ಕಂಡುಕೊಂಡನೆನ್ನೋಣ. ಅದನ್ನು ಅವನು ಲೋಕಕ್ಕೆಲ್ಲ ತಿಳಿಯುವಂತೆ ಸಾರಬೇಕೆ, ತನ್ನಲ್ಲಿಯೇ ಇರಿಸಿಕೊಳ್ಳಬೇಕೆ? ಸಾರದಿರುವುದು ಸ್ವಾರ್ಥವೆಂದು ಒಂದು ಪಕ್ಷ. ಸಾರುವುದು ದ್ರೋಹವೆಂದು ಇನ್ನೊಂದು ಪಕ್ಷ. ನಾನು ಎರಡನೆಯ ಪಕ್ಷಕ್ಕೆ ಸೇರಿದವನು. ಆದರೆ ಆ ಪಕ್ಷದವರು ಸಾಮಾನ್ಯವಾಗಿ ಹೇಳುವ ಕಾರಣ ನನ್ನದಲ್ಲ. ‘ನಾನು ಬೆವರು ಸುರಿಸಿ ಕಂಡದ್ದನ್ನು ಇನ್ನೊಬ್ಬನಿಗೆ ಏಕೆ ಕೊಡಲಿ?’ ಎಂಬ ಮಾತಿನಲ್ಲಿ ನ್ಯಾಯವುಂಟು, ಆದರೆ ಅದು ಬಲವಿಲ್ಲದ ನ್ಯಾಯ. ತಾಣ ಬಯಲಾದಾಗ ಒಬ್ಬ ಬೇಟೆಗಾರನ ಏಕಾಂತ ಕೆಡುವುದಕ್ಕಿಂತ ಬಹಳ ದೊಡ್ಡದಾದ ಕೇಡೊಂದು ನಡೆಯುತ್ತದೆ. ಎಲ್ಲರಿಗೂ ಸೇರಿದ್ದ ಮೃಗ ಹಣವುಳ್ಳ ಕೆಲವರ ಪಾಲಾಗುತ್ತದೆ.

ಆ ದೇಶದ ಕೇಂದ್ರ ಸರ್ಕಾರದ ಆಡಳಿತದಲ್ಲಿರುವ ಭೂಮಿ ಸುಮಾರು 64 ಕೋಟಿ ಎಕರೆ. ಒಟ್ಟು ನೆಲದಲ್ಲಿ ಕಾಲುಭಾಗಕ್ಕೂ ಮಿಗಿಲು. ನೆವಾಡ ರಾಜ್ಯದಲ್ಲಂತೂ ಐದರಲ್ಲಿ ನಾಲ್ಕು ಪಾಲು ಇಂಥ ಭೂಮಿಯೇ. ಇದರ ಬಹುಭಾಗದಲ್ಲಿ, ರಾಜ್ಯದಿಂದ ಪರವಾನಗಿ ಪಡೆದ ಯಾರೇ ಆಗಲಿ, ಗೊತ್ತಾದ ಋತುವಿನಲ್ಲಿ ಬೇಟೆಯಾಡಬಹುದು. ಕಾಡುಮೃಗ ನೆಲದೊಡೆಯನ ಸ್ವತ್ತಲ್ಲ, ಪ್ರಜೆಗಳ ಪರವಾಗಿ ರಾಜ್ಯವು ಧರ್ಮದರ್ಶಿಯಾಗಿ ನಿಂತು ಕಾಯತಕ್ಕ ಸ್ವತ್ತು ಎಂಬುದು ಅಲ್ಲಿಯ ನ್ಯಾಯಸ್ಥಾನಗಳು ಬಹುಕಾಲದಿಂದ ಎತ್ತಿಹಿಡಿದಿರುವ ತತ್ತ್ವ. ಅರಸರ ಮತ್ತು ಜಹಗೀರುದಾರರ ಬೇಟೆವನಗಳಿಗೆ ಬಡವನು ಕಾಲಿಟ್ಟರೆ ದಂಡನೆಗೆ ಗುರಿಯಾಗುತ್ತಿದ್ದ ಯುರೋಪಿನಿಂದ ವಲಸೆ ಹೋದ ಜನ ಕಟ್ಟಿಕೊಂಡ ಈ ವ್ಯವಸ್ಥೆ, ಪ್ರಜಾಪ್ರಭುತ್ವದ ಸಾಧನೆಗಳಲ್ಲಿ ಸಣ್ಣದೇನೂ ಅಲ್ಲ. 1937ರಲ್ಲಿ ಆದ ಪಿಟ್‌ಮನ್-ರಾಬರ್ಟ್‌ಸನ್ ಶಾಸನದ ಪ್ರಕಾರ ಬೇಟೆಯ ಬಂದೂಕಿನ ಮೇಲೂ ಮದ್ದುಗುಂಡಿನ ಮೇಲೂ ವಿಧಿಸಿದ ಶೇಕಡ 11ರ ಸುಂಕ ರಾಜ್ಯಗಳಿಗೆ ವನ್ಯಮೃಗಗಳ ಪೋಷಣೆಗೆಂದೇ ಸಲ್ಲುತ್ತದೆ. ನಮ್ಮ ದೇಶ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಬೇಟೆಯನ್ನು ನಿಷೇಧಿಸುವ ಹಾದಿ ಹಿಡಿಯಿತು. ನಮ್ಮ ಕಾಡುಗಳ ಅಂದಿನ ಸ್ಥಿತಿಗೆ ಅದು ಉಚಿತವೇ ಆಗಿತ್ತು. ಅವರು ಹಿಡಿದ ಮಾರ್ಗ ಬೇರೆ. ಆ ಮಾರ್ಗದ ಗುಣದೋಷಗಳನ್ನು ಅದರೊಳಗೆ ನಿಂತೇ ವಿಚಾರ ಮಾಡಬೇಕು.

ಪ್ರಕಟಣೆಯ ಪಕ್ಷದವರ ವಾದವನ್ನು ಅದರ ಪೂರ್ಣಬಲದೊಡನೆಯೇ ಮುಂದಿಡುತ್ತೇನೆ. ಭೂಮಿ ಎಲ್ಲರದಾದ ಮೇಲೆ ಅದರ ಜ್ಞಾನವೂ ಎಲ್ಲರದಾಗಬೇಕು. ತಾತನಿಂದ ತಂದೆಗೆ, ತಂದೆಯಿಂದ ಮಗನಿಗೆ ಗುಟ್ಟಾಗಿ ಇಳಿದು ಬರುವ ತಾಣಗಳು ಕಾಗದಪತ್ರವಿಲ್ಲದ ಉಂಬಳಿಗಳಂತಾಗುತ್ತವೆ. ಬೇಟೆಯ ಮನೆತನದಲ್ಲಿ ಹುಟ್ಟದ ಪಟ್ಟಣದ ಹುಡುಗ, ಕೈಹಿಡಿದು ಕರೆದೊಯ್ಯುವವರಿಲ್ಲದ ಹೆಣ್ಣುಮಗಳು, ನಿನ್ನೆ ಮೊನ್ನೆ ಆ ದೇಶಕ್ಕೆ ಬಂದು ನೆಲಸಿದವನು, ಇವರೆಲ್ಲ ತಮ್ಮದೇ ಕಾಡಿನಲ್ಲಿ ಪರಕೀಯರಾಗಿ ಉಳಿಯುತ್ತಾರೆ. ಇದಕ್ಕೆ ಅವರು ಸಂಖ್ಯೆಯ ಆಧಾರವನ್ನೂ ಕೊಡುತ್ತಾರೆ. 2016ರ ಸರ್ಕಾರಿ ಸಮೀಕ್ಷೆಯಲ್ಲಿ ಬೇಟೆಗಾರರ ಸಂಖ್ಯೆ 1 ಕೋಟಿ 15 ಲಕ್ಷ. ಐದು ವರ್ಷಗಳ ಹಿಂದಿನ ಸಮೀಕ್ಷೆಗಿಂತ 20 ಲಕ್ಷಕ್ಕೂ ಹೆಚ್ಚು ಇಳಿಮುಖ. ಬೇಟೆಗಾರರು ಕಡಿಮೆಯಾದರೆ ಸುಂಕ ಕಡಿಮೆಯಾದೀತು, ಪರವಾನಗಿಯ ಹಣ ಕಡಿಮೆಯಾದೀತು, ಕಾಡಿನ ಪರವಾಗಿ ಮಾತನಾಡುವ ಮತದಾರರೂ ಕಡಿಮೆಯಾದಾರು. ಈ ಭಯ ಸುಳ್ಳಲ್ಲ. ಇದನ್ನು ಹೇಳುವವರಲ್ಲಿ ಅನೇಕರು ಕಾಡಿನ ನಿಜವಾದ ಮಿತ್ರರು. ಆದರೂ ಅವರು ಸೂಚಿಸುವ ಔಷಧ ರೋಗವನ್ನು ಬೆಳೆಸತಕ್ಕದ್ದೆಂದು ನಾನು ದೃಢವಾಗಿ ನಂಬಿದ್ದೇನೆ.

ತಾಣವೆಂದರೆ ಏನೆಂಬುದನ್ನು ಮೊದಲು ನೋಡಬೇಕು. ಎಲ್ಕ್ ಎಂಬುದು ನಮ್ಮ ಕಡವೆಯ ಕುಲಕ್ಕೇ ಸೇರಿದ, ಅದಕ್ಕಿಂತ ದೊಡ್ಡದಾಗಿ ಬೆಳೆಯುವ ಮೃಗ. ಕೊಲರಾಡೋ ಪರ್ವತಗಳಲ್ಲಿ ಒಂಬತ್ತು ಹತ್ತು ಸಾವಿರ ಅಡಿ ಎತ್ತರದಲ್ಲಿ, ಉತ್ತರಕ್ಕೆ ಮುಖಮಾಡಿದ ಇಳಿಜಾರಿನಲ್ಲಿ ಸ್ಪ್ರೂಸ್ ಮತ್ತು ಫರ್ ಮರಗಳು ಒತ್ತಾಗಿ ಬೆಳೆದು ಹಗಲಿನಲ್ಲಿಯೂ ನೆರಳು ದಟ್ಟವಾಗಿರುವ ಕಡೆ, ಎಲ್ಲೋ ಒಂದು ಒರತೆ ಜಿನುಗಿ ಕೆಸರುಗುಂಡಿಯಾಗಿರುತ್ತದೆ. ಬೆದೆಗಾಲದಲ್ಲಿ ಗಂಡು ಎಲ್ಕ್ ಅಲ್ಲಿ ಹೊರಳಾಡಿ ಮೈಗೆಲ್ಲ ಕೆಸರು ಬಳಿದುಕೊಂಡು ಎದ್ದು ಹೋಗುತ್ತದೆ. ಗೊರಸಿನ ಗುರುತಿನಲ್ಲಿ ನೀರು ಇನ್ನೂ ಕದಡಿದ್ದರೆ ಮೃಗ ಈಗತಾನೆ ಅಲ್ಲಿದ್ದಿತೆಂದು ಅರ್ಥ. ತಿಳಿಯಾಗಿದ್ದರೆ ಹೋಗಿ ಹೊತ್ತಾಯಿತೆಂದು ಅರ್ಥ. ಪಕ್ಕದ ಆಸ್ಪೆನ್ ಮರದ ತೊಗಟೆ ಕೊಂಬಿನ ತಿಕ್ಕಾಟಕ್ಕೆ ಸುಲಿದು ಸೀಳುಸೀಳಾಗಿ ಜೋಲುತ್ತಿರುತ್ತದೆ. ಬೆಳಗಿನ ಜಾವದಲ್ಲಿ ತಂಪುಗಾಳಿ ಕಣಿವೆಗೆ ಇಳಿಯುತ್ತದೆ, ಬಿಸಿಲೇರಿದಂತೆ ಅದೇ ಗಾಳಿ ತಿರುಗಿ ಮೇಲಕ್ಕೆ ಹತ್ತುತ್ತದೆ. ಈ ತಿರುವನ್ನು ಅರಿಯದೆ ಹೋದವನ ಮೈವಾಸನೆ ಅವನಿಗಿಂತ ಮುಂಚೆಯೇ ಮೃಗವನ್ನು ಮುಟ್ಟುತ್ತದೆ. ಇಂಥ ಜಾಗವನ್ನು ಕಂಡುಕೊಂಡವನಿಗೆ ಅದರ ಜೊತೆಗೆ ಇಷ್ಟು ತಿಳಿವಳಿಕೆಯೂ, ಅಲ್ಲಿಗೆ ಎಷ್ಟು ಸಲ ಹೋಗಬಹುದು, ಯಾವಾಗ ಹೋಗಬಾರದು ಎಂಬ ಸಂಯಮವೂ ಲಭಿಸಿರುತ್ತದೆ. ಪ್ರಕಟಣೆಯಲ್ಲಿ ಹರಡುವುದು ಈ ತಿಳಿವಳಿಕೆಯನ್ನೆಲ್ಲ ಕಳಚಿಹಾಕಿದ ಒಂದು ಬಿಂದು ಮಾತ್ರ.

ಆ ಬಿಂದುವನ್ನು ಹರಡುವುದಕ್ಕೆ ಈಗ ಬಾಯಿಬಿಟ್ಟು ಹೇಳಬೇಕಾಗಿಯೂ ಇಲ್ಲ. ಕೊಂದ ಮೃಗದ ಪಕ್ಕದಲ್ಲಿ ಮೊಣಕಾಲೂರಿ ತೆಗೆಸಿಕೊಂಡ ಭಾವಚಿತ್ರದ ಹಿನ್ನೆಲೆಯಲ್ಲಿ ಬೆಟ್ಟದ ಸಾಲೊಂದು ಕಾಣುತ್ತಿದ್ದರೆ ಸಾಕು. ಉಪಗ್ರಹ ನಕ್ಷೆಯನ್ನು ಅತ್ತಿತ್ತ ತಿರುಗಿಸಿ ಆ ಸಾಲಿನ ಏರುತಗ್ಗುಗಳನ್ನು ಹೊಂದಿಸಿ, ಎಲ್ಲಿಯೋ ಒಂದು ನಗರದಲ್ಲಿ ಕುಳಿತವನು ಆ ಜಾಗವನ್ನು ಪತ್ತೆಹಚ್ಚಬಲ್ಲನು. ಆದುದರಿಂದಲೇ ವಿವೇಕಿಗಳಾದ ಬೇಟೆಗಾರರು ಚಿತ್ರದ ಹಿನ್ನೆಲೆಯನ್ನು ಮಸುಕುಮಾಡುವುದುಂಟು.

ಬಿಂದು ಬಯಲಾದ ಮೇಲೆ ನಡೆಯುವುದೇನು? ಒರೆಗಾನ್ ರಾಜ್ಯದ ಸ್ಟಾರ್ಕಿ ಪ್ರಾಯೋಗಿಕ ಅರಣ್ಯದಲ್ಲಿ ಎಲ್ಕ್‌ಗಳ ಕೊರಳಿಗೆ ಪಟ್ಟಿ ಕಟ್ಟಿ, ಮನುಷ್ಯನು ಮೋಟಾರು ವಾಹನದಲ್ಲಿ, ಸೈಕಲಿನಲ್ಲಿ, ಕುದುರೆಯ ಮೇಲೆ, ಕಾಲ್ನಡಿಗೆಯಲ್ಲಿ ಬಂದಾಗ ಅವು ಹೇಗೆ ವರ್ತಿಸುತ್ತವೆಂಬುದನ್ನು ವಿಜ್ಞಾನಿಗಳು ಪರೀಕ್ಷಿಸಿದರು. ಮೋಟಾರಿಗೆ ಹೆಚ್ಚು ಬೆದರಿದವಾದರೂ, ನಾಲ್ಕು ಬಗೆಯವರಿಂದಲೂ ಅವು ದೂರ ಸರಿದವು. ಕೊಲರಾಡೋದಲ್ಲಿ ಕರುಹಾಕುವ ಕಾಲದಲ್ಲಿ ಜನ ಪದೇ ಪದೇ ಸಮೀಪಿಸಿದ ಹಿಂಡುಗಳಲ್ಲಿ ಬದುಕುಳಿದ ಕರುಗಳ ಸಂಖ್ಯೆ ಕುಸಿಯಿತು. ಆ ಉಪದ್ರವವನ್ನು ನಿಲ್ಲಿಸಿದ ಮೇಲೆ ಚೇತರಿಸಿತು. ಇನ್ನು ಕೋವಿಯ ಬೇಟೆಯ ಋತು ಆರಂಭವಾಗುತ್ತಲೇ ಎಲ್ಕ್ ಹಿಂಡುಗಳು ಸರ್ಕಾರಿ ಕಾಡನ್ನು ಬಿಟ್ಟು ಖಾಸಗಿ ಜಮೀನುಗಳಿಗೆ ಸರಿದುಹೋಗುವುದು ಪಶ್ಚಿಮ ರಾಜ್ಯಗಳಲ್ಲೆಲ್ಲ ಕಂಡುಬಂದಿರುವ ಸಂಗತಿ. ಆ ಜಮೀನುಗಳಲ್ಲಿ ಮೃಗಕ್ಕೆ ನೆಮ್ಮದಿಯುಂಟು, ಏಕೆಂದರೆ ಅಲ್ಲಿಗೆ ಕಾಲಿಡಬೇಕಾದರೆ ಒಡೆಯನಿಗೆ ಸಾವಿರಾರು ಡಾಲರ್ ತೆರಬೇಕು. ಈಗ ಹೇಳಿ: ನೂರು ಜನರಿಗೆ ತಿಳಿಯಲೆಂದು ತಾಣವನ್ನು ಸಾರಿದವನಿಂದ ಆ ನೂರು ಜನರಿಗೆ ದೊರೆತದ್ದೇನು? ಬರಿದಾದ ಕಾಡು. ಮೃಗ ದೊರೆತದ್ದು ಬೇಲಿಯೊಳಗಿನವನಿಗೆ. ಸಮಾನತೆಯ ಹೆಸರಿನಲ್ಲಿ ಮಾಡಿದ ಕೆಲಸ ಸರ್ವಸ್ವಾಮ್ಯವನ್ನು ಏಕಸ್ವಾಮ್ಯಕ್ಕೆ ಒಪ್ಪಿಸಿಬಿಟ್ಟಿತು. ನಮ್ಮ ಬಂಡೀಪುರ, ನಾಗರಹೊಳೆಗಳಲ್ಲಿ ಹುಲಿ ಕಂಡಿತೆಂಬ ಸುದ್ದಿ ಹಬ್ಬಿದೊಡನೆ ಜೀಪುಗಳು ಒಂದೇ ತಿರುವಿನಲ್ಲಿ ಮುತ್ತಿಕೊಳ್ಳುವುದನ್ನು ನೋಡಿದವರಿಗೆ, ಜಾಗದ ಸುದ್ದಿ ಮೃಗದ ಮೇಲೆ ಎಂಥ ಭಾರವನ್ನು ಹೇರುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಗುಟ್ಟು ಮಾಡಬಾರದ ಸಂಗತಿಗಳೂ ಉಂಟು. 2018ರಲ್ಲಿ ಪ್ರಕಟವಾದ ಒಂದು ವರದಿಯ ಪ್ರಕಾರ ಪಶ್ಚಿಮ ರಾಜ್ಯಗಳಲ್ಲಿ ಸುಮಾರು 95 ಲಕ್ಷ ಎಕರೆ ಸರ್ಕಾರಿ ಭೂಮಿಗೆ ಸುತ್ತಲೂ ಖಾಸಗಿ ಜಮೀನಿದ್ದು, ಒಳಹೋಗಲು ದಾರಿಯೇ ಇಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲ್ವೆ ಕಂಪನಿಗಳಿಗೆ ಒಂದು ಬಿಟ್ಟು ಒಂದು ಚೌಕದಂತೆ ಭೂಮಿಯನ್ನು ದಾನಮಾಡಿದ್ದರ ಫಲವೂ ಇದರಲ್ಲಿ ಸೇರಿದೆ. ವಯೋಮಿಂಗ್ ರಾಜ್ಯದ ಎಲ್ಕ್ ಮೌಂಟನ್ ಬಳಿ 2021ರಲ್ಲಿ ಮಿಸೌರಿಯ ನಾಲ್ವರು ಬೇಟೆಗಾರರು, ಎರಡು ಸರ್ಕಾರಿ ಚೌಕಗಳು ಮೂಲೆಗೆ ಮೂಲೆ ತಾಗುವ ಬಿಂದುವಿನಲ್ಲಿ ಏಣಿಯನ್ನಿಟ್ಟು, ಖಾಸಗಿ ನೆಲವನ್ನು ಸೋಕದೆ ದಾಟಿದರು. ಅವರ ಮೇಲೆ ಮೊಕದ್ದಮೆ ಹೂಡಲಾಯಿತು. 2022ರಲ್ಲಿ ಜ್ಯೂರಿ ಅವರನ್ನು ನಿರಪರಾಧಿಗಳೆಂದು ಬಿಡುಗಡೆ ಮಾಡಿತು. ಜಮೀನಿನ ಒಡೆಯನು ಹೂಡಿದ ಸಿವಿಲ್ ದಾವೆಯಲ್ಲಿಯೂ 2025ರ ಮಾರ್ಚಿನಲ್ಲಿ ಮೇಲ್ಮನವಿಯ ನ್ಯಾಯಾಲಯ ಅವರ ಪರವಾಗಿಯೇ ತೀರ್ಪಿತ್ತಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪಿನ ಮರುವಿಚಾರಣೆಗೆ ಒಪ್ಪಲಿಲ್ಲ. ಆ ನಾಲ್ವರು ಗೆದ್ದುಕೊಟ್ಟದ್ದು ಲಕ್ಷಾಂತರ ಜನರ ಹಕ್ಕನ್ನು. ಎಲ್ಲೆ ಎಲ್ಲಿ, ದಾರಿ ಎಲ್ಲಿ, ಯಾವ ಗೇಟಿಗೆ ಅಕ್ರಮವಾಗಿ ಬೀಗ ಹಾಕಿದ್ದಾರೆ, ಇವುಗಳನ್ನು ಊರೂರಿಗೆ ಸಾರಬೇಕು. 2009ರಲ್ಲಿ ಮೊಂಟಾನಾದ ಮಿಜೂಲದಲ್ಲಿ ಹುಟ್ಟಿದ ಆನ್‌ಎಕ್ಸ್ ಎಂಬ ಕಂಪನಿಯ ನಕ್ಷೆಗಳು ಜಮೀನಿನ ಎಲ್ಲೆಗಳನ್ನು ಬೇಟೆಗಾರನ ಅಂಗೈಗೆ ತಂದುಕೊಟ್ಟದ್ದು ಉಪಕಾರವೇ ಸರಿ. ಹಾಗೆಯೇ ಮೃಗದ ಸ್ವಭಾವ, ಗಾಳಿಯ ಗತಿ, ಕೊಂದ ಮೇಲೆ ಮಾಂಸ ಕೆಡದಂತೆ ಬಿಡಿಸುವ ಕ್ರಮ, ಇವಾವುದನ್ನೂ ಬಚ್ಚಿಡತಕ್ಕದ್ದಲ್ಲ. ಎಲ್ಲೆಯನ್ನೂ ವಿದ್ಯೆಯನ್ನೂ ಸಾರುವುದು ಧರ್ಮ; ಕೆಸರುಗುಂಡಿಯನ್ನು ಸಾರುವುದು ಅಧರ್ಮ.

ಊರ ಕೆರೆ ಊರಿನವರೆಲ್ಲರದೂ ಹೌದು. ಆದರೂ ಯಾರು ಬೇಕಾದರೂ ಬೇಕಾದಾಗ ತೂಬನ್ನೆತ್ತಬಹುದೆಂದು ನಮ್ಮ ಹಿರಿಯರು ಎಂದೂ ಒಪ್ಪಿರಲಿಲ್ಲ. ನೀರಗಂಟಿಯೊಬ್ಬನನ್ನು ನೇಮಿಸಿ, ಸರದಿಯನ್ನು ಗೊತ್ತುಮಾಡಿ, ಕೊನೆಯ ಗದ್ದೆಗೂ ನೀರು ಹರಿಯುವಂತೆ ಕಟ್ಟುಪಾಡು ಮಾಡಿಕೊಂಡಿದ್ದರು. ಸಮುದಾಯದ ಸ್ವತ್ತು ಉಳಿಯುವುದು ಇಂಥ ಕಟ್ಟುಪಾಡಿನಿಂದ. ಅಮೆರಿಕದ ಕಾಡಿನಲ್ಲಿ ಪರವಾನಗಿಯ ಮಿತಿಯೂ ಋತುವಿನ ಮಿತಿಯೂ ಸರ್ಕಾರ ಮಾಡಿದ ಕಟ್ಟುಪಾಡುಗಳು. ಬೇಟೆಗಾರನ ಮೌನವು ಯಾವ ಶಾಸನದಲ್ಲಿಯೂ ಬರೆಯದೆ ಬೆಳೆದುಬಂದ, ಜನರನ್ನು ಕಾಡಿನ ಉದ್ದಗಲಕ್ಕೆ ತಾನಾಗಿ ಹಂಚಿಬಿಡುತ್ತಿದ್ದ ಕಟ್ಟುಪಾಡು. ಅದು ಮುರಿದರೆ ಶಾಸನ ಬಿಗಿಯಾಗಲೇಬೇಕಾಗುತ್ತದೆ. ಅರಿಜೋನ ರಾಜ್ಯ 2022ರಿಂದ ಬೇಟೆಯ ಸಹಾಯಕ್ಕೆ ಕಾಡಿನಲ್ಲಿ ಕ್ಯಾಮೆರಾಗಳನ್ನಿಡುವುದನ್ನು ನಿಷೇಧಿಸಿತು. ಕೊಲರಾಡೋ ತನ್ನ ಪಶ್ಚಿಮ ಭಾಗದಲ್ಲಿ ಹೊರರಾಜ್ಯದ ಬಿಲ್ಲುಬೇಟೆಗಾರರು ಎಲ್ಕ್ ಪರವಾನಗಿಯನ್ನು ಅಂಗಡಿಯಲ್ಲಿ ನೇರವಾಗಿ ಕೊಳ್ಳುವುದನ್ನು 2025ರಿಂದ ನಿಲ್ಲಿಸಿತು.

ಇನ್ನು ಹೊಸಬರ ಪ್ರಶ್ನೆ. ಮೊಂಟಾನಾದ ಪರಿಸರ ವಿಜ್ಞಾನಿ ಮ್ಯಾಟ್ ರಿನೆಲ್ಲ, ಬೇಟೆಯನ್ನು ಪ್ರದರ್ಶನದ ಸರಕಾಗಿಸುವುದನ್ನು ಬಹಿರಂಗವಾಗಿ ಖಂಡಿಸುತ್ತ ಬಂದಿದ್ದಾರೆ; ಅವರ ಒಡಹುಟ್ಟಿದ ಸ್ಟೀವನ್ ರಿನೆಲ್ಲ ದೂರದರ್ಶನದ ಬೇಟೆಯ ಕಾರ್ಯಕ್ರಮದಿಂದಲೇ ದೇಶವಿಖ್ಯಾತರಾದವರು. ಒಂದೇ ಮನೆಯೊಳಗೆ ಹೊಕ್ಕ ಈ ಭೇದವೇ ವಿಷಯದ ತೀವ್ರತೆಯನ್ನು ತೋರಿಸುತ್ತದೆ. ಪ್ರದರ್ಶನ ಹೊಸಬರನ್ನು ಕಾಡಿಗೆ ಸೆಳೆಯುತ್ತದೆ, ನಿಜ; ಆದರೂ ಹೊಸಬರು ಬರಲೇಬಾರದೆಂಬ ಮಾತನ್ನು ನಾನು ಒಪ್ಪಲಾರೆ. ತಂದೆಯಿಲ್ಲದ ಹುಡುಗನಿಗೆ ಬೇಕಾದದ್ದು ತಂದೆಯ ಸ್ಥಾನದಲ್ಲಿ ನಿಲ್ಲುವ ಒಬ್ಬ ಮನುಷ್ಯ. ಅಕ್ಷಾಂಶ ರೇಖಾಂಶಗಳನ್ನು ಕೊಟ್ಟು ಅವನನ್ನು ಕಳಿಸಿಬಿಡುವುದು ಉಪೇಕ್ಷೆಯೇ ಹೊರತು ಔದಾರ್ಯವಲ್ಲ. ಜೊತೆಗೆ ಕರೆದೊಯ್ದರೆ ಅವನು ತಾಣದೊಡನೆ ಸಂಯಮವನ್ನೂ ಕಲಿಯುತ್ತಾನೆ. ಹೊಡೆಯಬಾರದ ಗುಂಡು ಯಾವುದೆಂದು ಕಲಿಯುತ್ತಾನೆ. ಕರೆದೊಯ್ದವನ ಮರ್ಯಾದೆಗೆ ತಾನೂ ಹೊಣೆಯಾಗುತ್ತಾನೆ.

ಕಾಡಿಗೆ ಜನಬೆಂಬಲ ಬೇಕೆಂಬ ವಾದಕ್ಕೂ ಉತ್ತರವಿದೆ. 2025ರ ಜೂನ್ ತಿಂಗಳಿನಲ್ಲಿ ಯೂಟಾ ರಾಜ್ಯದ ಸೆನೆಟರ್ ಮೈಕ್ ಲೀ, ಪಶ್ಚಿಮ ರಾಜ್ಯಗಳಲ್ಲಿ 20 ಲಕ್ಷ ಎಕರೆಗಿಂತ ಹೆಚ್ಚಿನ ಸರ್ಕಾರಿ ಭೂಮಿಯನ್ನು ಮಾರಲು ಪ್ರಸ್ತಾಪ ತಂದಾಗ, ಬೇಟೆಗಾರರೂ ಮೀನು ಹಿಡಿಯುವವರೂ ಚಾರಣಿಗರೂ ಪಕ್ಷಭೇದವೆಣಿಸದೆ ಎದ್ದು ನಿಂತರು. ಅದೇ ತಿಂಗಳ ಕೊನೆಯೊಳಗೆ ಪ್ರಸ್ತಾಪ ಹಿಂದಕ್ಕೆ ಹೋಯಿತು. ಆ ಹೋರಾಟಕ್ಕೆ ಅರಣ್ಯಗಳ ಹೆಸರುಗಳೂ ಮಾರಾಟಕ್ಕೆ ಒಳಪಡಬಹುದಾದ ಭೂಮಿಯ ನಕ್ಷೆಗಳೂ ಸಾಕಾದವು. ಯಾರೊಬ್ಬರ ಒರತೆಯ ಗುರುತೂ ಅದಕ್ಕೆ ಬೇಕಾಗಲಿಲ್ಲ.

ಒಬ್ಬನು ಬಾಯಿಬಿಟ್ಟು ಹೇಳಿದ್ದನ್ನು ಶಿಕ್ಷಿಸುವ ಶಾಸನ ಬೇಕೆಂದು ನಾನು ಕೇಳುವುದಿಲ್ಲ. ಸ್ವತಂತ್ರ ದೇಶದಲ್ಲಿ ಅದು ಸಲ್ಲದು. ಆದರೆ ಸಾರ್ವಜನಿಕ ಅರಣ್ಯದ ಮೃಗಗಳ ನೆಲೆಯನ್ನು ಹಣಕ್ಕೆ ಮಾರುವ ವ್ಯಾಪಾರವನ್ನು ಪ್ರತಿಯೊಂದು ರಾಜ್ಯವೂ ತಡೆಯಬೇಕು. ಅದು ತನ್ನದಲ್ಲದ ಸ್ವತ್ತಿನ ವಿಕ್ರಯ. ಉಳಿದದ್ದು ಬೇಟೆಗಾರರ ಕೈಯಲ್ಲಿದೆ. ಕಾಡಿನ ಹೆಸರು ಹೇಳಿ, ಅದರ ಪರವಾಗಿ ಸಾಕ್ಷಿ ನುಡಿಯಿರಿ, ಬೀಗ ಬಿದ್ದ ದಾರಿಯನ್ನು ನ್ಯಾಯಾಲಯದಲ್ಲಿ ತೆರೆಸಿರಿ. ಚಿತ್ರದ ಹಿನ್ನೆಲೆಯಿಂದ ಬೆಟ್ಟದ ಸಾಲನ್ನು ತೆಗೆದುಬಿಡಿ. ಹೊಸಬನು ಬಂದು ಎಲ್ಲಿಗೆ ಹೋಗಲೆಂದು ಕೇಳಿದರೆ, ಈ ಸೆಪ್ಟೆಂಬರಿನಲ್ಲಿ ನನ್ನೊಡನೆ ಬಾ ಎನ್ನಿ.